‘ಹೌದ್ರಿ’ ದೇವಿಂದ್ರನ ಕಂಪ್ಯೂಟರ್

ಶಹಾಪುರ ಬಸ್ ಸ್ಟ್ಯಾಂಡ್ ಎದುರು ಫೋಟೊ ಸ್ಟುಡಿಯೊ ಇಟ್ಟಿರುವ ದೇವಿಂದ್ರನಿಗೆ ಯಾರು ಏನು ಕೇಳಿದರೂ ಬಾಯಿಗೆ ಬರುವುದು ಒಂದೇ ಮಾತು, ‘ಹೌದ್ರಿ.’ ಅವತ್ತು ಕಂಪ್ಯೂಟರ್ ಮಾತ್ರ ಅವನಿಗೆ ‘ಇಲ್ರಿ’ ಅಂದಿತು.

ಆನ್ ಮಾಡಿದರೆ ‘ಫೈಲ್ ಸಿಗುತ್ತಿಲ್ಲ’ ಎಂಬ ಸೂಚನೆ. ಅದನ್ನು ಮುಚ್ಚಿದರೆ ಇನ್ನೊಂದು. ಕೊನೆಗೆ ಕೆಂಪು ಅಕ್ಷರದಲ್ಲಿ, ‘ಅಪಾಯ! ಈ ನಂಬರಿಗೆ ಕರೆ ಮಾಡಿ.’ ಆಮೇಲೆ ಎಲ್ಲ ಸ್ತಬ್ಧ.

ಬಾಗಿಲಲ್ಲಿ ಫೋಟೊ ಕೇಳಿಕೊಂಡು ಬಂದ ಮುದುಕಿ ಲಾಲಮ್ಮ ಕೂತಿದ್ದಳು. ಮೊಮ್ಮಗಳ ಮದುವೆಯಲ್ಲಿ ದೇವಿಂದ್ರ ತೆಗೆದದ್ದೇ ಲಾಲಮ್ಮನ ಗಂಡನ ಕೊನೆಯ ಫೋಟೊ. ಈಗ ಆತನಿಲ್ಲ. ಫೋಟೊ ಈ ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಇಲ್ಲ.

“ತಮ್ಮಾ, ನಮ್ಮ ಮನಿಯವ್ರು ಇದರಾಗ ಅದಾರಿಲ್ಲೊ?”

“ಹೌದ್ರಿ ಆಯಿ,” ಅಂದವನೇ ಮೊಬೈಲ್ ಎತ್ತಿಕೊಂಡ.

ಅವನು ಪರದೆಯ ಮೇಲಿನ ಆ ನಂಬರ್ ಒತ್ತುತ್ತಿದ್ದಾಗ, ಫೋಟೊ ತೆಗೆಸಲು ಬಂದು ಇವರ ಮಾತು ಕೇಳುತ್ತಿದ್ದ ಕಾಲೇಜಿನ ಕಂಪ್ಯೂಟರ್ ಟೀಚರ್ ಹುಮೇರಾ ಮೊಬೈಲ್ ಕಸಿದುಕೊಂಡಳು.

“ಕಳ್ಳನ್ನ ಕರದು ಕೀಲಿ ಕೊಡ್ತೀರೇನಣ್ಣಾ?”

“ಹಂಗಾದ್ರ ಎಲ್ಲಾ ಅಳಿಸಿ ಹೊಸದಾಗಿ ಹಾಕಿಸ್ತೀನ್ರಿ.”

“ಅಜ್ಜಾರನ್ನೂ ಅಳಸ್ತೀರೇನ್ರಿ?”

ಲಾಲಮ್ಮ ಎದ್ದು ನಿಂತಳು.

“ನಿನ್ನಿ ಇದಕ್ಕ ಹೊಸದೇನು ಹಾಕೀರಿ?” ಹುಮೇರಾ ಕೇಳಿದಳು.

“ಪುಕ್ಕಟೆ ಸಿಕ್ಕಿತ್ರಿ, ಫೋಟೊ ಚಂದ ಮಾಡೋ ಸಾಫ್ಟ್‌ವೇರ್. ಏನೇನೊ ಕೇಳ್ತು. ನಾ…”

“‘ಹೌದ್ರಿ, ಹೌದ್ರಿ’ ಅಂದ್ರಿ.” ಹುಮೇರಾ ತೆಗೆದದ್ದು ಥೇಟ್ ದೇವಿಂದ್ರನದೇ ದನಿ. “ಒಬ್ಬರನ್ನ ಕರದ್ರ ಹಿಂದ ನಾಕು ಮಂದಿ ಬಂದಂಗ, ಅದರ ಹಿಂದ ಬ್ಯಾರೆ ಸಾಫ್ಟ್‌ವೇರೂ ಬಂದಾವ. ಕಂಪ್ಯೂಟರ್ ಏಳೋದ್ರಾಗ ಎಲ್ಲಾವೂ ಒಮ್ಮೆಲೇ ನುಗ್ಗಿ ಬಾಗಲಾಗ ಸಿಕ್ಕೊಂಡಾವ. ಇದು ಸಾಫ್ಟ್‌ವೇರ್ ಅಲ್ಲಣ್ಣಾ, ಸಾಫ್ಟಾಗಿ ಬಂದ ವೈರಿ.”

ಅವಳು ಇಂಟರ್ನೆಟ್ ಬಂದ್ ಮಾಡಿದಳು. ತೀರ ಬೇಕಾದದ್ದಷ್ಟೇ ಏಳುವ ‘ಸೇಫ್ ಮೋಡ್’ನಲ್ಲಿ ಕಂಪ್ಯೂಟರ್ ಹಚ್ಚಿದಳು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ಕೊನೆಗೆ ಬೆಳಕು ಬಂತು. ರುಮಾಲು ಸುತ್ತಿಕೊಂಡು ನಗುತ್ತಿದ್ದ ಅಜ್ಜನೂ ಸಿಕ್ಕ.

ಹುಮೇರಾ ಮೊದಲು ಫೋಟೊಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿದಳು; ಅಜ್ಜನದನ್ನು ಇನ್ನೊಂದಕ್ಕೆ ಹಾಕಿ ಲಾಲಮ್ಮನ ಕೈಗಿಟ್ಟಳು. ಕಂಪ್ಯೂಟರ್ ಜೊತೆಗೇ ಏಳುವ ಸಾಫ್ಟ್‌ವೇರ್‌ಗಳ ‘ಸ್ಟಾರ್ಟಪ್’ ಪಟ್ಟಿಯಲ್ಲಿ ನುಗ್ಗಿದ್ದ ಗುರುತಿಲ್ಲದವನ್ನು ಬಂದ್ ಮಾಡಿ, ಕಂಪ್ಯೂಟರನ್ನು ಎಂದಿನಂತೆ ಹಚ್ಚಿದಳು. ತಪ್ಪಿನ ಸೂಚನೆ ಬರಲಿಲ್ಲ.

“ಈಗ ಅವನ್ನ ನೀವೇ ಕಿತ್ತು ಹಾಕ್ರಿ. ಆಮ್ಯಾಲ ವೈರಸ್ ಪರೀಕ್ಷಾ ಮಾಡೂನು.”

ದೇವಿಂದ್ರ ಆ ಪುಕ್ಕಟೆ ಸಾಫ್ಟ್‌ವೇರ್ ತೆಗೆಯಲು ಹೋದ. ಅದು ಹೋಗುವಾಗಲೂ ಕೇಳಿತು, ‘ನಮ್ಮದೊಂದು ಸಹಾಯಕ ಆ್ಯಪ್ ಇರಲಿ ಅಲ್ಲವೇ?’

ಅವನ ಬಾಯಿ ತೆರೆಯಿತು. “ಹೌ…”

“ಒಲ್ಲೆ ಅನ್ನೊ ತಮ್ಮಾ,” ಅಂದಳು ಲಾಲಮ್ಮ, ಪೆನ್‌ಡ್ರೈವ್ ಸೆರಗಿಗೆ ಗಂಟು ಹಾಕಿಕೊಳ್ಳುತ್ತ.

“ಒಲ್ಲೆನ್ರಿ,” ಅಂದ ದೇವಿಂದ್ರ.

ನೀವೂ ಅಷ್ಟೇ. ಪುಕ್ಕಟೆ ಸಾಫ್ಟ್‌ವೇರ್ ಹಾಕುವಾಗ ಅದು ಕೇಳುವುದನ್ನೆಲ್ಲ ಓದಿ, ಬೇಡದ ಟಿಕ್ ತೆಗೆಯಿರಿ. ಪರದೆ ಹೆದರಿಸಿ ಕೊಟ್ಟ ನಂಬರಿಗೆ ಕರೆ ಮಾಡಬೇಡಿ. ಬೇಕಾದ ಫೋಟೊಗಳನ್ನು ಇವತ್ತೇ ಇನ್ನೊಂದು ಕಡೆಯೂ ಇಡಿ. ಬಂದವರಿಗೆಲ್ಲ ‘ಬರ್ರಿ’ ಅನ್ನುವ ಊರು ನಮ್ಮದು. ಕಂಪ್ಯೂಟರಿನ ಬಾಗಿಲಲ್ಲಿ ಮಾತ್ರ ‘ಒಲ್ಲೆ’ ಅನ್ನುವುದನ್ನೂ ಕಲಿಯೋಣ.