ಎಂಟನೆಯ ಪರಮಾಣು

ಸೂಜಿ ಎಂದ ಕೂಡಲೇ ಜನ ದಾರ ಹುಡುಕುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಹೊಲಿಯುವ ಸೂಜಿಯಲ್ಲ. ನಾನು ಟಂಗ್‌ಸ್ಟನ್ ತಂತಿಯ ಒಂದು ತುಂಡು, ಉಗುರಿನಷ್ಟು ಉದ್ದ. ಹಳೆಯ ಬಲ್ಬುಗಳಲ್ಲಿ ಉರಿಯುತ್ತಿದ್ದ ತಂತಿಯ ಕುಲ ನನ್ನದು.

ನಾನು ಹುಟ್ಟಿದ್ದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ, ಮಕ್ತುಂಸಾಬ ನದಾಫನ ಕೈಯಲ್ಲಿ. ಆತ ಅಲ್ಲಿ ಮೂವತ್ತು ವರ್ಷದಿಂದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ತಂತಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಅರ್ಧ ಮುಳುಗಿಸಿ ಕರೆಂಟು ಹರಿಸಿದರೆ, ನೀರಿನ ಮಟ್ಟದಲ್ಲಿ ಅದು ಸವೆದು ಸವೆದು, ಕೊನೆಗೆ ಕೆಳಗಿನ ತುಂಡು ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಆ ಕ್ಷಣಕ್ಕೇ ಕರೆಂಟು ನಿಲ್ಲಿಸಬೇಕು, ಚೂರು ತಡವಾದರೂ ತುದಿ ಮೊಂಡು. ಮಕ್ತುಂಸಾಬ ಹನ್ನೊಂದು ಸೂಜಿ ಕೆಡಿಸಿ ಹನ್ನೆರಡನೆಯದಾಗಿ ನನ್ನನ್ನು ಪಡೆದ. "ಇದು ನನ್ನ ಹುಲಿ ನೋಡ್ರಿ, ಬಾಯಾರ," ಎಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ. ಆದರೆ ಆತ ಹೇಳಿದ್ದು ಸುಳ್ಳಲ್ಲ, ನನ್ನ ತುದಿಯ ತುತ್ತತುದಿಯಲ್ಲಿ ಇದ್ದದ್ದು ಒಂದೇ ಒಂದು ಪರಮಾಣು. ಕಳಚಿ ಬಿದ್ದ ನನ್ನ ಇನ್ನರ್ಧವನ್ನು ನೀರಿನ ಜೊತೆ ಚೆಲ್ಲಿದರು. ಅದು ಏನಾಯಿತೆಂದು ಯಾರೂ ಕೇಳಲಿಲ್ಲ. ನನ್ನ ಒಂಟಿತನ ಶುರುವಾದದ್ದು ಅಲ್ಲಿಂದ.

ಆತ ಬಾಯಾರ ಎಂದು ಕರೆದದ್ದು ರಾಜಮತಿ ಉಪಾಧ್ಯೆಯನ್ನು. ಅಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಗುರುಗಳು ನಿವೃತ್ತರಾಗಿದ್ದರು, ಜೊತೆಯವರು ಒಬ್ಬೊಬ್ಬರಾಗಿ ಮುಗಿಸಿ ಹೋಗಿದ್ದರು, ಆರನೆಯ ವರ್ಷಕ್ಕೆ ಆಕೆಯೊಬ್ಬಳೇ ಉಳಿದಿದ್ದಳು. ಆಕೆಗೆ ಬೇಕಾದದ್ದು ತಾಮ್ರದ ಹಾಳೆಯ ಮೇಲೆ ಕೋಬಾಲ್ಟಿನ ಎಂಟು ಪರಮಾಣುಗಳ ಒಂದು ಸಾಲು. ಪರಮಾಣು ಈ ಕುಳಿಯಲ್ಲಿದ್ದರೆ ಸೊನ್ನೆ, ಪಕ್ಕದ ಕುಳಿಯಲ್ಲಿದ್ದರೆ ಒಂದು. ಅಂಥ ಎಂಟು ಸೇರಿದರೆ ಒಂದು ಅಕ್ಷರ. ಹೀಗೆ ಬರೆಯಲು ಕಲಿತರೆ ಮುಂದೊಂದು ದಿನ ಊರಿನ ಗ್ರಂಥಾಲಯವೆಲ್ಲ ಸಾಸಿವೆ ಕಾಳಿನ ಮೇಲೆ ಹಿಡಿದೀತು ಎನ್ನುತ್ತಿದ್ದಳು.

"ಓದಾಕ ಯಾವ ಚಾಳೀಸ ಹಾಕ್ಕೋಬೇಕ್ರಿ?" ಎಂದು ಮಕ್ತುಂಸಾಬ ತನ್ನ ಕನ್ನಡಕ ಮುಟ್ಟಿಕೊಂಡು ಚೇಷ್ಟೆ ಮಾಡುತ್ತಿದ್ದ.

"ಈ ಸೂಜೀನ ಚಾಳೀಸ, ಕಾಕಾ."

ಎಂಟರ ಚಿತ್ರ ಸಿಕ್ಕರೆ ಆಕೆಯ ಪ್ರಬಂಧ ಪೂರ್ತಿ. ಸಿಗದಿದ್ದರೆ ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನನ್ನನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಗಾಳಿಯನ್ನೆಲ್ಲ ಹೀರಿ ತೆಗೆದರು. ಪರಮಾಣುಗಳು ಇಟ್ಟಲ್ಲಿ ನಿಲ್ಲಲಿ ಎಂದು ದ್ರವ ಹೀಲಿಯಂ ಸುರಿದು, ಹೇಳತೀರದ ಚಳಿ ಮಾಡಿದರು. ನನ್ನ ಕೆಲಸಕ್ಕೆ ಒಂದೇ ನಿಯಮ, ಮುಟ್ಟಬಾರದು, ದೂರವೂ ಸರಿಯಬಾರದು. ನನಗೂ ತಾಮ್ರಕ್ಕೂ ನಡುವಿನ ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ಸ್ವಲ್ಪ ಕರೆಂಟು ಜಿಗಿಯುತ್ತದೆ. ಅದರ ಏರಿಳಿತದಿಂದಲೇ ಪರದೆಯ ಮೇಲೆ ಒಂದೊಂದು ಪರಮಾಣುವೂ ಸಣ್ಣ ಉಬ್ಬಾಗಿ ಕಾಣುತ್ತದೆ. ನಾನು ಇನ್ನಷ್ಟು ಬಗ್ಗಿದರೆ ಪರಮಾಣು ಕುರಿಮರಿಯಂತೆ ಹಿಂದೆ ಬರುತ್ತದೆ. ಅದರ ಜಾಗ ಬಂದಾಗ ನಾನು ಮೇಲೆದ್ದರೆ ಅದು ಅಲ್ಲೇ ಉಳಿಯುತ್ತದೆ. ಎಷ್ಟು ಜನರನ್ನು ಮನೆ ಮುಟ್ಟಿಸಿದೆನೋ, ಒಬ್ಬರೂ ಒಳಗೆ ಬಾ ಎನ್ನಲಿಲ್ಲ.

ನಮಗಿದ್ದ ಒಂದೇ ಶತ್ರು ಕಾಂಪೌಂಡಿನಾಚೆಯ ಸಾಮಿಲ್ಲು. ಈರಪ್ಪ ಬಡಿಗೇರ ಎಂಬವನದು. ಅವನ ಗರಗಸ ತಿರುಗಿದರೆ ನೆಲ ನಡುಗುತ್ತಿತ್ತು, ಪರದೆಯ ಮೇಲೆ ಎಲ್ಲ ಕಲಸಿಹೋಗುತ್ತಿತ್ತು. ಆದರೆ ಅಮಾವಾಸ್ಯೆಯ ದಿನ ಗರಗಸಕ್ಕೆ ಪೂಜೆ, ಕೆಲಸ ಬಂದ್. ಹಾಗಾಗಿ ನಮ್ಮ ವಿಜ್ಞಾನ ನಡೆದದ್ದು ಪಂಚಾಂಗ ನೋಡಿಕೊಂಡೇ. ಮಕ್ತುಂಸಾಬ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗಳಿಗೆ ಗುರುತು ಹಾಕಿಡುತ್ತಿದ್ದ. ಆ ದಿನ ಚಪ್ಪಲಿ ಹೊರಗೆ ಬಿಟ್ಟು, ಆತ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಬಂದವರನ್ನೆಲ್ಲ ಸನ್ನೆಯಲ್ಲೇ ಓಡಿಸುತ್ತಿದ್ದ. ರಾಜಮತಿ ಒಳಗೆ ಕೆಮ್ಮೂ ನುಂಗಿಕೊಂಡು ಕೂರುತ್ತಿದ್ದಳು.

ಕೊನೆಯ ಅಮಾವಾಸ್ಯೆ ಬಂತು. ಯೋಜನೆ ಆ ತಿಂಗಳಿಗೆ ಮುಗಿಯುತ್ತಿತ್ತು, ಹೀಲಿಯಂ ಅಂದಿಗೆ ಮಾತ್ರ ಉಳಿದಿತ್ತು. ಬೆಳಗಿನಿಂದ ಕೂತು ಸಂಜೆ ನಾಲ್ಕೂವರೆಯ ಹೊತ್ತಿಗೆ ಆಕೆ ಏಳನ್ನು ಸಾಲಾಗಿಸಿ ಚಿತ್ರ ತೆಗೆದಿಟ್ಟಳು. "ಇನ್ನೊಂದಽ ಒಂದು, ನನ್ನಪ್ಪಾ," ಎಂದು ಪಿಸುಗುಟ್ಟಿದಳು. ನನಗೇ ಹೇಳಿದ್ದು. ನಾನು ಬಗ್ಗಿದೆ, ಎಂಟನೆಯದು ಹಿಂದೆ ಬಂತು.

ಹಿಂದಿನ ದಿನ ಮಕ್ತುಂಸಾಬ ಈರಪ್ಪನಿಗೆ, ನಾಳೆ ನಮ್ಮ ಬಾಯಾರದು ಕಡೀ ದಿವಸ ಎಂದು ಹೇಳಿದ್ದ. ಈರಪ್ಪ ಒಳ್ಳೆಯ ಮನುಷ್ಯ. ಗರಗಸದ ಪೂಜೆ ಮುಗಿಸಿ, ಆ ಹುಡುಗಿಯ ಯಂತ್ರಕ್ಕೂ ಒಂದು ಕಾಯಿ ಇರಲಿ ಎಂದು ಬಂದ. ಬಾಗಿಲಲ್ಲಿ ತಡೆಯುವವರಿರಲಿಲ್ಲ, ಮಕ್ತುಂಸಾಬ ಆಕೆಗಾಗಿಯೇ ದುವಾ ಕೇಳಲು ನಮಾಜಿಗೆ ಹೋಗಿದ್ದ. ಈರಪ್ಪ ಹೊಸ್ತಿಲ ಕಲ್ಲಿಗೆ ಕಾಯಿ ಒಡೆದ.

ಆ ಏಟಿಗೆ ನಾನು ತಾಮ್ರದೊಳಗೆ ಹೂತುಹೋದೆ. ಹುಟ್ಟಿದ ಮೇಲೆ ನಾನು ಏನನ್ನಾದರೂ ಮುಟ್ಟಿದ್ದು ಅದೇ ಮೊದಲು. ನಿಜ ಹೇಳಲೇ? ಅರೆಕ್ಷಣ ಹಿತವೆನಿಸಿತು. ಆಮೇಲೆ ಪೆಟ್ಟಿಗೆಯ ಗಾಜಿನ ಕಿಟಕಿಯಾಚೆ ಆಕೆಯ ಮುಖ ಕಂಡಿತು. ಪರದೆಯಲ್ಲಿ ಸಾಲು ಇದ್ದಲ್ಲಿ ಒಂದು ಹೊಂಡ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಹಿತವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಈರಪ್ಪ ಕಾಯಿಯ ಹೋಳು ಹಿಡಿದು ಒಳಗೆ ಬಂದ. "ಆತೇನ್ರೀ ತಂಗಿ ನಿಮ್ಮ ಕೆಲಸಾ? ಕಾಯಾಗ ಹೂವು ಬಂದೈತಿ ನೋಡ್ರಿ, ಭಾಳ ಛಲೋ."

ರಾಜಮತಿ ಅವನನ್ನು ನೋಡಿದಳು. "ಆತ್ರೀ ಅಣ್ಣಾರ," ಎಂದಳು. "ನಿಮ್ಮ ಕಾಯಿ ಫಲಾ ಕೊಟ್ತು."

ಕೈಯೊಡ್ಡಿ ಒಂದು ಚೂರು ಇಸಿದುಕೊಂಡು ತಿಂದಳು. ಆತ ಹೋದ ಮೇಲೆ, ನಮಾಜಿನಿಂದ ಬಂದು ಪರದೆ ನೋಡಿ ಕೂತುಬಿಟ್ಟಿದ್ದ ಮಕ್ತುಂಸಾಬನಿಗೆ, "ಅವರ ಮುಂದ ಹೇಳಬ್ಯಾಡ್ರಿ ಕಾಕಾ, ಜೀವಕ್ಕ ಹಚ್ಕೋತಾರ," ಎಂದಳು. ಆಮೇಲೆ ಹೀಲಿಯಂ ಆರುವವರೆಗೂ ಮೊಂಡಾದ ನನ್ನಿಂದಲೇ ಹೊಂಡದ ಸುತ್ತ ತಡಕಾಡಿದಳು. ಚದುರಿದ ಏಳು ಸಿಕ್ಕವು. ಎಂಟನೆಯದು ಎಲ್ಲೂ ಸಿಗಲಿಲ್ಲ.

ಏಳರ ಚಿತ್ರ ಇಟ್ಟು ಕೊಟ್ಟ ಪ್ರಬಂಧ, ಅಕ್ಷರ ಪೂರ್ತಿಯಾಗಿಲ್ಲ ಎಂದು ವಾಪಸು ಬಂತು. ಆಕೆ ಗೋಕಾಕದ ಒಂದು ಕಾಲೇಜಿಗೆ ಪಾಠ ಹೇಳಲು ಹೋದಳು. ಮಕ್ತುಂಸಾಬ ನನ್ನನ್ನು ತನ್ನ ನಶ್ಯದ ಡಬ್ಬಿಯಲ್ಲಿ ಹತ್ತಿ ಹಾಕಿ ಮಲಗಿಸಿ ಆಕೆಗೆ ಕೊಟ್ಟ. ಅಂದಿನಿಂದ ಆಕೆಯ ಮೇಜಿನ ಡ್ರಾವರಿನಲ್ಲಿದ್ದೇನೆ. ಹತ್ತಿಗೆ ಇನ್ನೂ ನಶ್ಯದ ವಾಸನೆ ಇದೆ.

ಮೊನ್ನೆ ಮಕ್ತುಂಸಾಬ ಬಂದಿದ್ದ. ಮುದುಕನಾಗಿದ್ದಾನೆ. ರಾಜಮತಿ ಡಬ್ಬಿ ತೆರೆದು, ನನ್ನನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದಳು. ಆತ ಚಾಳೀಸು ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

"ಆ ಎಂಟನೇದು ಎಲ್ಲಿ ಹೋತೋ, ಬಾಯಾರ?"

"ಯಾರಿಗೆ ಗೊತ್ತು ಕಾಕಾ. ಕೊಬ್ಬರಿ ಜೋಡಿ ತಿಂದೆನೋ ಏನೋ."

ಇಬ್ಬರೂ ನಕ್ಕರು. ನನ್ನ ಮೊಂಡು ತುದಿಗೆ ಮೆತ್ತಿದ ತಾಮ್ರದಲ್ಲಿ ಆವತ್ತಿನಿಂದ ಆ ಎಂಟನೆಯದು ನನ್ನ ಜೊತೆಗೇ ಇದೆ. ಅದನ್ನು ಕಾಣಲು ನನ್ನಂಥ ಇನ್ನೊಂದು ಸೂಜಿ ಬೇಕು, ಹೇಳೋಣವೆಂದರೆ ನನಗೆ ಬಾಯಿಲ್ಲ. ಆಕೆ ಆರು ವರ್ಷ ದುಡಿದು ಆ ಸಂಜೆ ಕಳೆದುಕೊಂಡದ್ದನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದಳು. ಆಮೇಲೆ ನನ್ನನ್ನು ಹತ್ತಿಯ ಮೇಲಿಟ್ಟು ಡಬ್ಬಿ ಮುಚ್ಚಿದಳು.