ಎಡಗಾಲಿನ ಬ್ರೇಕು

"ಅಪ್ಪಾಜೀ, ಬ್ರೇಕು!" ಎಂದು ತನ್ನ ಗಾಡಿಯಲ್ಲಿ ಹಿಂದೆ ಬರುತ್ತಿದ್ದ ಶಿವರಂಜಿನಿ ಹೆಲ್ಮೆಟ್ಟಿನೊಳಗೇ ಕಿರುಚಿಕೊಂಡಳು. ಮುಂದೆ ಹೋಗುತ್ತಿದ್ದ ರೇವಣಸಿದ್ದಯ್ಯನವರಿಗೆ ಅದೆಲ್ಲಿ ಕೇಳಬೇಕು? ಮಲ್ಲೇಶ್ವರದ ಮಾರ್ಗೋಸಾ ರಸ್ತೆಯಲ್ಲಿ ಸೇವಂತಿಗೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಅಡ್ಡ ದಾಟುತ್ತಿದ್ದಳು. ಅಪ್ಪನ ಹಳೇ ಬುಲೆಟ್ಟು ನಿಧಾನವಾಗುವ ಬದಲು ಗಕ್ಕನೆ ಎಗರಿ ಮುಂದಕ್ಕೇ ನುಗ್ಗಿತು. ಆಕೆ ಫುಟ್‌ಪಾತಿಗೆ ಹಾರಿದಳು, ಬುಟ್ಟಿ ಕೆಳಗೆ ಬಿತ್ತು, ಕೊನೆಗೆ ಹೇಗೋ ಅಪ್ಪ ಕೈಬ್ರೇಕು ಹಿಡಿದು ಗಾಡಿ ನಿಲ್ಲಿಸಿದರು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಏನಾಗುತ್ತಿತ್ತೋ, ಆ ಶಿವನೇ ಬಲ್ಲ.

"ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಮ್ಗೆ?" ಆಕೆ ಎದೆ ಹಿಡಿದುಕೊಂಡು ಬೈದಳು.

"ತಪ್ಪಾಯ್ತು ತಾಯಿ, ತಪ್ಪಾಯ್ತು," ಎನ್ನುತ್ತ ರೇವಣಸಿದ್ದಯ್ಯ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಹೂ ಆಯ್ದುಕೊಟ್ಟರು. ಎದ್ದು ಪಂಚೆ ಕೊಡವುವಾಗ ಮಗಳ ಮುಖ ನೋಡದೆಯೇ ಹೇಳಿದರು: "ಲೈನರ್ ಸವೆದೋಗಿದೆ ರಂಜು. ಬ್ರೇಕ್ ಹಿಡೀಲೇ ಇಲ್ಲ."

ಸುಳ್ಳು. ಅವಳು ಕಣ್ಣಾರೆ ನೋಡಿದ್ದಳು. ಈಗಿನ ಗಾಡಿಗಳಿಗೆಲ್ಲ ಬ್ರೇಕು ಬಲಗಾಲಿಗೆ, ಗೇರು ಎಡಗಾಲಿಗೆ. ಅಪ್ಪನ ಬುಲೆಟ್ಟಿಗೆ ಎಲ್ಲ ಉಲ್ಟಾ, ಬ್ರೇಕು ಎಡಕ್ಕೆ, ಗೇರು ಬಲಕ್ಕೆ. ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟ ವರ್ಷವೇ ಕೊಂಡ ಗಾಡಿ ಅದು. ಹೆಂಡತಿ ವಿಶಾಲಾಕ್ಷಮ್ಮ "ನನ್ನ ಸವತಿ" ಎಂದೇ ಅದನ್ನು ಕರೆಯುವುದು. ಅಂಥ ಗಾಡಿಯ ಮೇಲೆ ಕೂತು ಈ ಮನುಷ್ಯ ಬ್ರೇಕೆಂದುಕೊಂಡು ಬಲಗಾಲು ಒತ್ತಿದ್ದರು! ನ್ಯಾಷನಲ್ ಕಾಲೇಜು ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸುವಾಗ "ಎಡಗಾಲು ಬ್ರೇಕು, ಬಲಗಾಲು ಗೇರು, ಮರೆತೀಯ ಜೋಕೆ!" ಎಂದು ಹಿಂದೆ ಹಿಂದೆಯೇ ಓಡಿ ಬರುತ್ತಿದ್ದವರು ಇವರೇನಾ?

ಕಾರ್ತಿಕದ ಒಂದು ಭಾನುವಾರ ಅಪ್ಪ ಮಗಳು ಗಾಡಿ ಮೇಲೆ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಬರುವುದು ಮನೆಯ ಪದ್ಧತಿ. ಅವಳು ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಆದ ಮೇಲೂ, ತನ್ನದೇ ಹೊಸ ಗಾಡಿ ಕೊಂಡ ಮೇಲೂ ಅದು ತಪ್ಪಿಲ್ಲ. ಇವತ್ತು ಬೆಳಗ್ಗೆಯೂ ಚಾಮರಾಜಪೇಟೆಯ ಮನೆ ಮುಂದೆ ಅವರು ಲಿಂಗಪೂಜೆ ಮುಗಿಸಿ ಬಂದು, ಬುಲೆಟ್ಟಿನ ಹೆಡ್‌ಲೈಟಿಗೂ ಮೂರು ಬೆರಳಿನಲ್ಲಿ ವಿಭೂತಿ ಎಳೆದೇ ಹೊರಟಿದ್ದರು. ಇಲ್ಲಿಂದ ಯಶವಂತಪುರ ದಾಟಿದರೆ ತುಮಕೂರು ಹೈವೇ. ಅಲ್ಲಿ ಹೂವಿನ ಬುಟ್ಟಿ ಬರುವುದಿಲ್ಲ, ಲಾರಿಗಳು ಬರುತ್ತವೆ. ಶಿವರಂಜಿನಿ ತನ್ನ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿದಳು.

"ತಿಂಡಿ ತಿಂದು ಹೋಗೋಣ," ಎಂದಳು.

ಎದುರಿಗೇ ಇದ್ದ ಹೋಟೆಲಿನಲ್ಲಿ ಇಡ್ಲಿ ಬಂತು. ರೇವಣಸಿದ್ದಯ್ಯ ಚಟ್ನಿ ಸಾಲದೆಂದು ಜಗಳವಾಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ಅದು ಅವರ ಮಾಮೂಲು ಜಗಳ.

"ಅಪ್ಪಾಜಿ, ಲೈನರ್ ಅಲ್ಲ. ನೀವು ಬಲಗಾಲು ಒತ್ತಿದ್ರಿ."

"ನಿಂಗೆ ಹಿಂದಿಂದ ಏನ್ ಕಾಣುತ್ತೆ?"

"ಇಷ್ಟ್ ವರ್ಷದಿಂದ ನಿಮ್ಮ ಹಿಂದೇನೇ ಬರ್ತಿದೀನಿ. ನಿಮ್ಮ ಕಾಲು ಕಾಣಲ್ವಾ ನಂಗೆ?"

ಅವರು ಚಮಚ ಕೆಳಗಿಟ್ಟರು. ಮೀಸೆಗೆ ಅಂಟಿದ ಚಟ್ನಿ ಒರೆಸಿಕೊಂಡರು. ಪಕ್ಕದ ಟೇಬಲ್ಲಿನವರಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿದರು.

"ಗುರುವಾರ ನಿಮ್ಮಮ್ಮನ್ನ ಕೂರಿಸ್ಕೊಂಡು ಗಾಂಧಿ ಬಜಾರಿಗೆ ಹೋದಾಗ್ಲೂ ಹಿಂಗೇ ಆಯ್ತು. ಹಳ್ಳ ಇತ್ತು ಕಣೇ ಅಂದೆ. ಪಾಪ, ನಂಬಿದ್ಲು. ರಂಜು, ಏನಾಗುತ್ತೆ ಗೊತ್ತಾ? ಯಾವ ಕಾಲು ಒತ್ತಬೇಕು ಅನ್ನೋದೇ ಹೊಳೆಯಲ್ಲ. ಒಂದ್ ಗಳಿಗೆ ಅಷ್ಟೆ. ಆಮೇಲೆ ಎಲ್ಲಾ ಸರಿಹೋಗುತ್ತೆ. ಆದ್ರೆ ಆ ಒಂದ್ ಗಳಿಗೆ ಇದೆಯಲ್ಲ, ಭಯ ಆಗುತ್ತಮ್ಮ."

ಅಪ್ಪನ ಬಾಯಲ್ಲಿ ಭಯ ಎಂಬ ಮಾತನ್ನು ಅವಳು ಇದೇ ಮೊದಲು ಕೇಳಿದ್ದು. ಅಷ್ಟರಲ್ಲಿ ಥಟ್ಟನೆ ಒಂದು ಸಂಗತಿ ನೆನಪಾಗಿ ಎದೆ ಹಗುರವಾಯಿತು.

"ಅಯ್ಯೋ, ಅಷ್ಟಕ್ಕೆ ಹೆದರ್ತಾರಾ? ಹೋದ್ ತಿಂಗ್ಳು ಬುಲೆಟ್ ಇಂಜಿನ್ ಬಿಚ್ಚಿದ್ದಾಗ ಹದಿನೈದ್ ದಿನ ನನ್ ಗಾಡೀಲೇ ಅಂಗಡಿಗೆ ಹೋಗಿಬಂದ್ರಲ್ಲ! ಅದರ ಬ್ರೇಕು ಬಲಗಡೆ. ಕಾಲಿಗೆ ಆ ಅಭ್ಯಾಸ ಹತ್ಕೊಂಡಿದೆ, ಇನ್ನೇನಿಲ್ಲ. ನಾಲ್ಕ್ ದಿನದಲ್ಲಿ ಬಿಟ್ಟೋಗುತ್ತೆ."

ರೇವಣಸಿದ್ದಯ್ಯ ಹೊರಗೆ ನಿಂತ ಅವಳ ಗಾಡಿಯನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು.

"ನಿನ್ ಗಾಡೀನಾ? ಆ ಹೊಲಿಗೆ ಮಿಷನ್ನ ನಾನ್ಯಾವಾಗ ಮುಟ್ಟಿದೀನಮ್ಮ?"

"ತಮಾಷೆ ಬೇಡ ಅಪ್ಪಾಜಿ," ಎಂದಳು. ಆ ಗಾಡಿಗೆ ಹೊಲಿಗೆ ಮಿಷನ್ ಎಂದು ಹೆಸರಿಟ್ಟವರೇ ಅವರು, ಅದೂ ಆ ಹದಿನೈದು ದಿನಗಳಲ್ಲೇ. ದಿನಾ ಸಂಜೆ ಬಂದು ಅದರ ಸದ್ದನ್ನು ಅಣಕಿಸಿ ವಿಶಾಲಾಕ್ಷಮ್ಮನನ್ನು ನಗಿಸಿದ್ದರು. ಈಗ ಮೀಸೆಯಡಿ ಆ ನಗು ಬರಲಿ ಎಂದು ಅವಳು ಕಾದಳು. ಬರಲಿಲ್ಲ. ಅಪ್ಪ ನಿಜವಾಗಿಯೂ ಉತ್ತರಕ್ಕೆ ಕಾಯುತ್ತ ಕೂತಿದ್ದರು.

"ಇಲ್ಲ... ನಾನೇ ಏನೋ ಅಂದ್ಕೊಂಡೆ," ಎಂದಳು. ಕಾಫಿ ಲೋಟವನ್ನು ಅವರ ಕಡೆಗೆ ಸರಿಸಿದಳು.

ಜನ್ಮವೆಲ್ಲ ಗಿರಾಕಿಗಳ ಮುಖ ನೋಡಿ ಮನಸ್ಸು ತಿಳಿದ ಬಳೆ ವ್ಯಾಪಾರಿಗೆ ಮಗಳ ಮುಖ ತಿಳಿಯದೇ ಇರುತ್ತದೆಯೇ? ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿ, "ಕಾರ್ತಿಕ ತಪ್ಪಿಸೋದು ಬೇಡ," ಎಂದರು ಮೆಲ್ಲಗೆ.

"ತಪ್ಪಿಸಲ್ಲ. ನಿಮ್ ಗಾಡೀಲೇ ಹೋಗೋಣ. ನಾನ್ ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ."

ಹಿಂದೆ! ಯಾರ ಹಿಂದೆಯೂ ಕೂತವರಲ್ಲ ಆ ಮನುಷ್ಯ. ಅವಳು ಬೈಗುಳಕ್ಕೆ ತಯಾರಾಗಿಯೇ ಇದ್ದಳು. ಅವರು ಜೇಬಿನಿಂದ ಕೀ ತೆಗೆದು ಅವಳ ಅಂಗೈಗೆ ಹಾಕಿ, ಬೆರಳು ಮಡಿಸಿದರು.

"ಬ್ರೇಕು ಎಡಗಾಲಿಗೆ ಕಣಮ್ಮ. ಮರೆತೀಯ ಜೋಕೆ."

ಅವಳು ತನ್ನ ಗಾಡಿಯನ್ನು ಅಲ್ಲೇ ಪಕ್ಕದ ಕ್ರಾಸಿನಲ್ಲಿದ್ದ ಗೆಳತಿ ಮೈತ್ರೇಯಿಯ ಮನೆ ಕಾಂಪೌಂಡಿಗೆ ತಳ್ಳಿ ಬಂದಳು. ಬುಲೆಟ್ಟಿಗೆ ಕಿಕ್ ಹೊಡೆದಳು. ಎರಡನೇ ಒದೆತಕ್ಕೆ ಡಬ್ ಡಬ್ ಎಂದು ಎದ್ದುಕೊಂಡಿತು. ಅಪ್ಪ ಹಿಂದೆ ಹತ್ತಿದರು. ಎಷ್ಟು ಹಗುರವಾಗಿದ್ದರೆಂದರೆ, ಸರಿಯಾಗಿ ಕೂತರೋ ಇಲ್ಲವೋ ಎಂದು ತಿರುಗಿ ನೋಡಬೇಕಾಯಿತು.

ಯಶವಂತಪುರದ ಹತ್ತಿರ ಮೊದಲ ಸಿಗ್ನಲ್ ಕೆಂಪಾಯಿತು. ಅವಳು ಬ್ರೇಕು ಒತ್ತುವ ಮೊದಲೇ ಹಿಂದಿನ ಫುಟ್‌ರೆಸ್ಟಿನ ಮೇಲೆ ಅಪ್ಪನ ಎಡಗಾಲು ಬಿಗಿಯಾಗಿ ಒತ್ತಿದ್ದು ಕಂಡಿತು. ಎಡಗಾಲೇ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಎರಡನೇ ಸಿಗ್ನಲ್ಲಿನಲ್ಲೂ ಎಡಗಾಲೇ.

"ಹೆಂಗೆ ಅಪ್ಪಾಜಿ, ಸರಿಯಾಗಿ ಓಡಿಸ್ತಿದೀನಾ?" ಎಂದು ಕೂಗಿ ಕೇಳಿದಳು.

"ಮುಂದೆ ನೋಡ್ಕೊಂಡ್ ಓಡ್ಸು!"

ಹೈವೇಗೆ ಹತ್ತುವ ಮುನ್ನ ಲಾರಿಯೊಂದು ಅಡ್ಡ ಬಂದು ನಿಂತಿತು. ಅವಳು ಎಡಗಾಲು ಒತ್ತಿ ನಿಧಾನಿಸುತ್ತ ಕೆಳಗೆ ಕಣ್ಣು ಹಾಯಿಸಿದಳು. ಹಿಂದಿನ ಎಡಗಾಲು ಎದ್ದು ತಡವರಿಸಿತು. ಬಲಗಡೆ ನೋಡಿದಳು, ಅದೂ ತಡವರಿಸಿತು. ಆಮೇಲೆ ಆ ಎರಡೂ ಚಪ್ಪಲಿಗಳು ಒಟ್ಟಿಗೇ ಗಟ್ಟಿಯಾಗಿ ಕೆಳಕ್ಕೆ ಒತ್ತಿದವು. ಲಾರಿ ಹೊರಟುಹೋದ ಮೇಲೂ ಒತ್ತಿಕೊಂಡೇ ಇದ್ದವು.