ಹಂದಿಯ ಹುಳಿ

ಕೊಡಗಿಗೆ ತನ್ನದೇ ಸರ್ಕಾರವಿದ್ದ ವರ್ಷಗಳವು. ದೀಪಾವಳಿ ಕಳೆಯುತ್ತಲೇ ಚನ್ನಮಲ್ಲಪ್ಪನವರು ಎಮ್ಮೆಯನ್ನು ಮಾರಲು ತೀರ್ಮಾನಿಸಿದರು. ಸೋಮವಾರಪೇಟೆಯ ದಿನಸಿ ಅಂಗಡಿಗೆ ಸುರಿಯುವ ಹಣ ಮನೆಯ ಆದಾಯವನ್ನು ಮೀರಿತ್ತು. ಹೇಗೆ ಕೂಡಿ ಕಳೆದರೂ ಉತ್ತರ ಅದೇ. ಆ ಲೆಕ್ಕದಲ್ಲಿ ಸೊಸೆ ಕಾಂತಮ್ಮನಿಗೆ ತಪ್ಪು ಕಾಣಿಸಿತು. ಎಮ್ಮೆ ಹೋದರೆ ಹಾಲು, ಮೊಸರು, ತುಪ್ಪಗಳನ್ನೂ ಕೊಂಡೇ ತರಬೇಕು. ಒಂದು ತಿಂಗಳು ಅಡುಗೆಮನೆಯನ್ನು ತನ್ನ ಕೈಗೆ ಬಿಟ್ಟುನೋಡಿ, ಉಪ್ಪು, ಬೆಲ್ಲ, ಸೀಮೆಎಣ್ಣೆಯ ಹೊರತು ಅಂಗಡಿಯಿಂದ ಏನನ್ನೂ ತರಿಸುವುದಿಲ್ಲ ಎಂದಳು. ಮಾವ ಒಪ್ಪಿದರು, ಆದರೆ ತಿಂಗಳ ಕೊನೆಗೆ ಬರುವಂತೆ ದನದ ವ್ಯಾಪಾರಿಗೆ ಕೊಟ್ಟಿದ್ದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಉಳಿತಾಯವೆಂದರೆ ಹೊಟ್ಟೆ ಕಟ್ಟುವುದಲ್ಲವೆಂದು ಕಾಂತಮ್ಮ ಬಲ್ಲಳು. ಮನೆಯ ನುಚ್ಚಕ್ಕಿಯಿಂದ ಕಡುಬು ಬೆಂದಿತು. ಒಣಮೆಣಸಿನಕಾಯಿಯ ಜಾಗಕ್ಕೆ ತೋಟದ ಕರಿಮೆಣಸು ಬಂತು, ಒಗ್ಗರಣೆಗೆ ಎಮ್ಮೆಯ ತುಪ್ಪ. ಬೇಸಿಗೆಯ ಹಲಸಿನ ಹಪ್ಪಳ ಡಬ್ಬದಲ್ಲಿ ಇದ್ದೇ ಇತ್ತು. ಹುಣಸೆಗೆ ಬದಲಾಗಿ, ತೋಟದಂಚಿನ ಮರದಿಂದ ಮಳೆಗಾಲದಲ್ಲಿ ಉದುರಿದ ಹುಳಿಹಣ್ಣಿನ ರಸವನ್ನು ಕುದಿಸಿ, ಕಪ್ಪಗಾಗುವವರೆಗೆ ಬತ್ತಿಸಿ ಸೀಸೆಯಲ್ಲಿಟ್ಟಿದ್ದಳು. ಆ ಕ್ರಮವನ್ನು ಹೇಳಿಕೊಟ್ಟವರು ನೆರೆಯ ಗೌಡರ ಮನೆಯ ವನಜಮ್ಮ. ಕೆಲವೇ ಹನಿ ಬಿದ್ದರೂ ಒಂದು ಪಾತ್ರೆ ಸಾರಿಗೆ ಹುಳಿ ಹಿಡಿಯುತ್ತಿತ್ತು.

ತಿಂಗಳು ತುಂಬಿದಾಗ ಅಂಗಡಿಯ ಚೀಟಿಯಲ್ಲಿ ಉಪ್ಪು, ಬೆಲ್ಲ, ಸೀಮೆಎಣ್ಣೆ ಬಿಟ್ಟು ಬೇರೇನೂ ಇರಲಿಲ್ಲ. ಅಂದೇ ಮಾದಾಪುರದ ದನದ ವ್ಯಾಪಾರಿ ಜವರಪ್ಪ ಬಂದ. ಎಮ್ಮೆಯ ಹಲ್ಲು, ಕೆಚ್ಚಲು ನೋಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಬಂದವರನ್ನು ಉಣ್ಣಿಸದೆ ಕಳುಹಿಸುವ ಮನೆಯಲ್ಲ ಅದು. ಮತ್ತೊಮ್ಮೆ ಸಾರು ಹಾಕಿಸಿಕೊಂಡ ಜವರಪ್ಪ, ಹುಣಸೆಹಣ್ಣು ಯಾವ ಅಂಗಡಿಯದೆಂದು ಕೇಳಿದ. ಹುಣಸೆಯಲ್ಲ, ಸೀಸೆಯಲ್ಲಿಟ್ಟ ಕಾಚಂಪುಳಿ, ತಿಂಗಳಿಡೀ ಹಾಕಿದ್ದೂ ಅದನ್ನೇ ಎಂದಳು ಕಾಂತಮ್ಮ. ಅದರಲ್ಲಿ ಮುಚ್ಚಿಡುವಂಥದೇನೂ ಅವಳಿಗೆ ಕಾಣಲಿಲ್ಲ.

ಚನ್ನಮಲ್ಲಪ್ಪನವರ ಕೈ ಎಲೆಯ ಮೇಲೆಯೇ ನಿಂತಿತು. ಅವರದು ಲಿಂಗವಂತರ ಮನೆ. ಕೊಡವರ ಮದುವೆಯೊಂದರಲ್ಲಿ ಹಂದಿ ಬೇಯುವ ಹಂಡೆಗೆ ಆ ಕಪ್ಪು ರಸ ಸುರಿಯುವುದನ್ನು ದೂರದಿಂದ ನೋಡಿದ್ದ ಅವರು, ಹಂದಿಯ ಕೊಬ್ಬನ್ನೇ ಕಾಯಿಸಿ ಇಳಿಸಿದರೆ ಕಾಚಂಪುಳಿಯಾಗುತ್ತದೆಂದು ಇಷ್ಟು ವರ್ಷ ನಂಬಿದ್ದರು.

“ಏನವ್ವಾ, ಹಂದಿ ಹುಳೀನ ನನ್ನ ಎಲೆಗೆ ಬಡಿಸಿದ್ಯಾ?”

“ಹಂದಿಗೆ ಹಾಕೋ ಹುಳಿ ಮಾವಯ್ಯ, ಹಂದೀದಲ್ಲ. ಅವರು ಹಂದಿ ಜೊತೆ ಕಡುಬೂ ತಿಂತಾರೆ. ಹಂಗಂತ ನಾವು ಕಡುಬು ಬಿಟ್ಟಿದ್ದೀವಾ?”

ಜವರಪ್ಪ ನಗು ಮರೆಸಲು ತಲೆ ತಗ್ಗಿಸಿದ. “ತಿಂಗಳಿಂದ ಉಂಡಿದ್ದೀರಂತೆ ಯಜಮಾನ್ರೇ. ಇನ್ನೂ ಗುರ್ ಅಂದಿಲ್ವಲ್ಲ.”

ಕಾಂತಮ್ಮ ವಾದ ಬೆಳೆಸಲಿಲ್ಲ. ಒಲೆಯ ಮೇಲಿನ ಅಟ್ಟದಿಂದ ಅದೇ ಹಣ್ಣಿನ ಒಣಸಿಪ್ಪೆಯನ್ನು ತಂದು ಮಾವನ ಎಡಗೈಗೆ ಕೊಟ್ಟಳು. ಅವರು ಮೂಸಿದರು, ಉಗುರಿನಿಂದ ಕೆರೆದು ನೋಡಿದರು.

“ಇದು ಉಪ್ಪಾಗೆ ಕಣವ್ವ. ನಮ್ಮವ್ವ ಸಾರಿಗೆ ಹಾಕ್ತಿದ್ದದ್ದು ಇದನ್ನೇ.”

“ನೀವು ಉಪ್ಪಾಗೆ ಅಂತೀರಿ. ವನಜಕ್ಕ ಕಾಚಂಪುಳಿ ಅಂತಾರೆ. ಮರ ಒಂದೇ ಮಾವಯ್ಯ.”

ಹೆಸರು ಬದಲಾದರೆ ವಸ್ತು ಬದಲಾಗದೆಂಬುದನ್ನು ಚನ್ನಮಲ್ಲಪ್ಪನವರಿಗೆ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಕಡುಬು ಮುರಿದು ಸಾರಿನಲ್ಲಿ ಅದ್ದಿದರು. ಎಲೆ ಬರಿದು ಮಾಡಿ ವ್ಯಾಪಾರಿಯತ್ತ ತಿರುಗಿದರು.

“ಎಮ್ಮೆ ಕೊಡಲ್ಲ ಜವರಪ್ಪ. ಇವಳಿಗೆ ಒಗ್ಗರಣೆಗೆ ತುಪ್ಪ ಬೇಕು.”

ಜವರಪ್ಪ ಬೇಸರಪಡಲಿಲ್ಲ. ಕೈ ತೊಳೆದು, ಎಮ್ಮೆಗೆಂದು ತಂದಿದ್ದ ಹೊಸ ಹಗ್ಗವನ್ನು ಹೆಗಲಿಗೇರಿಸಿ ಮುಂದಿನ ಮನೆಗೆ ನಡೆದ.